ನೂರಕ್ಕೆ ಆರು ಪಾಲು

ಗುಮಾರೊ ಹಾಸಿಗೆ ಬಿಟ್ಟೆದ್ದು ಗಡ್ಡ ಬೋಳಿಸಿಕೊಂಡ ದಿನ ಮನೆಯಲ್ಲಿ ಎಲ್ಲರಿಗೂ ಎಷ್ಟು ನೆಮ್ಮದಿಯಾಯಿತೆಂದರೆ, ಅವನು ಯಾಕೆ ಎದ್ದ ಎಂದು ಯಾರೂ ವಿಚಾರಿಸಲು ಹೋಗಲಿಲ್ಲ.

ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯವರು ಸೆಪ್ಟೆಂಬರಿನಲ್ಲಿ ಅವನನ್ನು ಮನೆಗೆ ಕಳಿಸಿದ್ದರು. ಮೊದಲು ತಾನಿದ್ದ ಸಾಲ್ತಿಯೊ ಊರೆಲ್ಲ ಸುತ್ತಿ ಕೆಲಸ ಹುಡುಕಿದ, ಆಮೇಲೆ ಸಿಕ್ಕಸಿಕ್ಕವರನ್ನೆಲ್ಲ ಬೈದ, ಕೊನೆಗೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ನವೆಂಬರಿನ ಒಂದು ಮಧ್ಯಾಹ್ನ ಅವನ ಹೆಂಡತಿ ನೆರೇದಾ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಅವನು ಬರಿಗಾಲಲ್ಲಿ ಅಂಚಿಗೆ ನಿಂತು ಕೆಳಗೆ ನೋಡುತ್ತಿದ್ದ. ಅವಳು ಕೂಗಲಿಲ್ಲ. ಹತ್ತಿರ ಹೋಗಿ ಕೈ ಹಿಡಿದು, "ಬಾ, ಊಟ ಆರಿ ಹೋಗ್ತಿದೆ," ಎಂದು ಕೆಳಗೆ ಕರೆತಂದಳು. ಆ ವಿಷಯವನ್ನು ಅತ್ತೆಯ ಬಳಿ ಮಾತ್ರ ಹೇಳಿದಳು. ಅತ್ತೆ ಬಸೀಲಿಯಾಗೆ ಎಂಬತ್ತರ ಹತ್ತಿರ, ಕಾಲು ಸದಾ ಊದಿಕೊಂಡಿರುತ್ತಿತ್ತು. ಅಂದಿನಿಂದ ಅವಳು ಆ ಕಾಲಲ್ಲೇ ಮೊಣಕಾಲೂರಿ, ಗ್ವಾದಲೂಪೆ ಮಾತೆಯ ಪಟದ ಮುಂದೆ, ನನ್ನ ಮಗನನ್ನು ಎಬ್ಬಿಸು ತಾಯಿ ಎಂದು ಒಂದೇ ಸಮನೆ ಕೇಳಿಕೊಳ್ಳುತ್ತಿದ್ದಳು.

ಕ್ರಿಸ್ಮಸ್ಸಿಗೆ ಹ್ಯೂಸ್ಟನ್ನಿನಿಂದ ಬಂದ ಬಸೀಲಿಯಾಳ ಹಿರಿಯ ಮಗ ಬಾಲ್ತಸಾರ್ ಯಾವಾಗಲೂ ಸ್ವೆಟರ್ ತರುವವನು, ಆ ಸಲ ಒಂದೊಂದು ಪ್ಲಾಸ್ಟಿಕ್ ಕೊಳವೆ ತಂದಿದ್ದ. ಅದರಲ್ಲಿ ಉಗಿದು ಕಳಿಸಿದರೆ ನಮ್ಮ ಮೂಲ ಎಲ್ಲಿಯದು ಎಂದು ತಿಳಿಯುತ್ತದಂತೆ.

"ನಮ್ಮ ಮೂಲ ನನಗೆ ಗೊತ್ತಿಲ್ವೇನೋ," ಎಂದು ಬಸೀಲಿಯಾ ನಕ್ಕಿದ್ದಳು. "ನಾವು ತ್ಲಾಷ್ಕಾಲಾದಿಂದ ಬಂದ, ಈ ನೆಲದ್ದೇ ನೇಯ್ಗೆಯವರು. ನಮ್ಮಪ್ಪ ಇಗರ್ಜಿ ಮುಂದೆ ಗರಿ ಕಟ್ಕೊಂಡು ಕುಣೀತಿದ್ದ. ಇನ್ನೇನು ಉಗಿದು ತಿಳ್ಕೋಬೇಕು?"

ಆದರೂ ಮಗ ದುಡ್ಡು ಕೊಟ್ಟು ತಂದದ್ದು ಹಾಳಾಗಬಾರದೆಂದು ಉಗಿದಳು. ಗುಮಾರೊನೂ ಮಲಗಿದಲ್ಲಿಂದಲೇ ಉಗಿದ.

ಜನವರಿ ಕೊನೆಗೆ ಫಲಿತಾಂಶ ಬಂತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗುಮಾರೊನ ಮಗಳು ಅನಾಯಿ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದು ಫೋನು ನೋಡಿ ಓದಿದಳು.

"ಅಪ್ಪಂದು ಕೇಳಿ. ನೂರಕ್ಕೆ ಐವತ್ತೆಂಟು ಯುರೋಪು."

"ಯಾರದ್ದೋ ಎಂಜಲು ಬದಲಾಗಿದೆ," ಎಂದಳು ಅಜ್ಜಿ.

"ಇಲ್ಲ ಅಜ್ಜಿ, ನಿಮ್ಮದೂ ಹಂಗೇ ಇದೆ. ಇಷ್ಟೆಲ್ಲ ಯುರೋಪ್ ಇಟ್ಕೊಂಡು ನನಗೊಂದು ಜೊತೆ ಹಸಿರು ಕಣ್ಣು ಕೊಡೋಕೆ ನಿಮಗೇನಾಗಿತ್ತು?"

"ಬಂದ ಯುರೋಪೆಲ್ಲ ಮೂಗಿಗೇ ಖರ್ಚಾಗೋಯ್ತು ಕಣೇ."

ಎಲ್ಲರೂ ನಕ್ಕರು. ಅನಾಯಿ ಮುಂದೆ ಓದಿದಳು. ಮೂವತ್ತೆರಡು ಈ ನೆಲದವರು, ನಾಲ್ಕು ಆಫ್ರಿಕಾ, ಆರು ಯಹೂದಿ.

ಗುಮಾರೊ ರೊಟ್ಟಿ ಕೆಳಗಿಟ್ಟ. "ಆ ಆರು ಮತ್ತೊಂದ್ಸಲ ಓದು."

"ಆರು ಪಾಲು ಯಹೂದಿ. ಸ್ಪೇನು, ಪೋರ್ಚುಗಲ್ ಕಡೆಯವರು. ಅಜ್ಜಿದು ಹತ್ತು."

"ಅಂದ್ರೆ ಅಮ್ಮ, ನಿನ್ನಿಂದಲೇ ಬಂದಿರೋದು," ಎಂದ ಗುಮಾರೊ. ತಿಂಗಳುಗಳ ಮೇಲೆ ಅವನು ಆಡಿದ ಇಷ್ಟು ಉದ್ದದ ಮಾತು ಅದೇ ಮೊದಲು. ನೆರೇದಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅವನು ಅದನ್ನೂ ತಿಂದ. ಮಾರನೆಯ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡ.

ಅವನು ಓದತೊಡಗಿದ, ವಿಡಿಯೋ ನೋಡತೊಡಗಿದ, ಊಟಕ್ಕೆ ಕೂತಾಗಲೆಲ್ಲ ಹೇಳತೊಡಗಿದ. ಸ್ಪೇನಿನಲ್ಲಿ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ್ದು, ಅವರು ಹಡಗು ಹತ್ತಿ ಇಲ್ಲಿಗೆ ಬಂದು ಈ ಉತ್ತರದ ಮರಳುಗಾಡಿನಲ್ಲಿ ಬಚ್ಚಿಟ್ಟುಕೊಂಡದ್ದು, ಇಲ್ಲಿಗೂ ಪಾದ್ರಿಗಳು ಬೆನ್ನುಹತ್ತಿ ಬಂದು ಹಿಡಿದು ಸುಟ್ಟದ್ದು. ಕೇಳಿ ನೆರೇದಾಗೆ ನಿಜವಾಗಿಯೂ ಅಳು ಬಂತು. ಹೊಟ್ಟೆಗೆ ಹಾಕಿಕೊಳ್ಳುವಂಥ ಸಂಗತಿಯಲ್ಲ ಅದು. ಗಂಡ ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ, ಮುಂದೆ ಅವನು ಮನೆಯನ್ನು ತಲೆಕೆಳಗು ಮಾಡಿದಾಗಲೂ.

ಫೆಬ್ರುವರಿ ಎರಡಕ್ಕೆ ಬಾಲಯೇಸುವಿನ ಹಬ್ಬ, ಅಂದು ತಮಾಲೆ ಎಂಬ ಕಡುಬು ಆಗಲೇಬೇಕು. ನೆರೇದಾ ಮುಸುಕಿನ ಜೋಳದ ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ನಾದುತ್ತಿದ್ದಳು. ಗುಮಾರೊ ಅಡುಗೆಮನೆಗೆ ಬಂದು ಕೊಬ್ಬಿನ ಡಬ್ಬ ಎತ್ತಿಕೊಂಡ.

"ಇದು ಇನ್ಮೇಲೆ ಈ ಮನೇಲಿ ಬೇಡ."

"ಏನು ಬೇಡ? ಕೊಬ್ಬಿಲ್ದೆ ತಮಾಲೆ ಏನು ಕಲ್ಲು ಮಾಡ್ಲಾ?"

"ನಮ್ಮ ಹಿರಿಯರು ಇದನ್ನ ಮುಟ್ತಿರ್ಲಿಲ್ಲ."

"ನಿನ್ನ ಹಿರಿಯರಲ್ಲಿ ತೊಂಬತ್ನಾಲ್ಕು ಪಾಲು ಮುಟ್ತಿದ್ರಲ್ಲ, ಅವರು ಏನು ಪಾಪ ಮಾಡಿದ್ರು?"

ಅವನು ಕೊಬ್ಬನ್ನು ಕರಗಿಸಿ ತೊಟ್ಟಿಯ ತೂತಿಗೆ ಸುರಿದ. ಸಂಜೆಯೊಳಗೆ ಅದು ಒಳಗೆ ಹೆಪ್ಪುಗಟ್ಟಿ ನೀರೆಲ್ಲ ಅಡುಗೆಮನೆಗೆ ಉಕ್ಕಿತು. ತಾನೇ ಕಟ್ಟಿಕೊಳ್ಳುವಂತೆ ಮಾಡಿದ್ದನ್ನು ತಾನೇ ತಂತಿ ಹಾಕಿ ಬಿಡಿಸುತ್ತ ಮೈಯೆಲ್ಲ ಜಿಡ್ಡು ಮಾಡಿಕೊಂಡ. ಅನಾಯಿ ಬಾಗಿಲಲ್ಲಿ ನಿಂತು, "ಮುಟ್ಟಬಾರದು ಅಂದ್ರಲ್ಲಪ್ಪ," ಎಂದಳು. ಆಗ ಅವನೂ ನಕ್ಕುಬಿಟ್ಟ. ಅವನ ನಗು ಕೇಳಿ ಬಸೀಲಿಯಾ ಒಳಕೋಣೆಯಲ್ಲಿ ಶಿಲುಬೆ ಗುರುತು ಹಾಕಿಕೊಂಡಳು.

ಮನೆ ನಡೆಯುತ್ತಿದ್ದುದು ನೆರೇದಾ ಬೆಳಿಗ್ಗೆ ಕಿಟಕಿಯಲ್ಲಿ ಮಾರುವ ಗೋಧಿ ರೊಟ್ಟಿಯಿಂದ. ಕೊಬ್ಬಿನ ಬದಲು ಎಣ್ಣೆ ಹಾಕಿ ಮಾಡಿದ ರೊಟ್ಟಿಗಳನ್ನು ನೋಡಿ ಗಿರಾಕಿಗಳು, ಇದನ್ನ ಚಪ್ಪಲಿಗೆ ಹೊಲಿಸಬಹುದು ಎಂದರು. ಅವಳು ಪಕ್ಕದ ಮನೆಯ ಚೋಲೆಯ ಅಡುಗೆಮನೆಯಲ್ಲಿ ಕೊಬ್ಬು ಹಾಕಿ ಹಿಟ್ಟು ಕಲಸಿಕೊಂಡು, ಬಟ್ಟೆ ಮುಚ್ಚಿ ಹಿತ್ತಲ ಬಾಗಿಲಿಂದ ತರತೊಡಗಿದಳು. ಆ ಮನೆಯಲ್ಲಿ ಮೊದಲು ಬಚ್ಚಿಟ್ಟದ್ದು ಅವಳೇ.

ಹಾಗೆ ನೋಡಿದರೆ ಅವನಿಗೆ ಬುದ್ಧಿ ಹೇಳುವವರು ಸಿಗಲಿಲ್ಲ ಎಂದಲ್ಲ. ಒಂದು ದಿನ ಒಳ್ಳೆ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಮಾಂತೆರ್ರೇ ಪಟ್ಟಣಕ್ಕೆ ಹೋಗಿ ಅಲ್ಲಿನ ಯಹೂದಿ ಗುರು ರಬ್ಬಿಯನ್ನು ಕಂಡುಬಂದ. ಬಂದವನ ಮುಖ ಗಂಟಿಕ್ಕಿತ್ತು.

"ಏನಂದ್ರು?" ಎಂದು ಬಸೀಲಿಯಾ ಕೇಳಿದಳು.

"ಕಾಫಿ ಕೊಟ್ಟ್ರು. ಫೋನಲ್ಲಿ ಬಂದಿರೋದು ಸತ್ತವರ ಲೆಕ್ಕ ಅಂದ್ರು. ಯಹೂದಿ ಆಗ್ಬೇಕಂದ್ರೆ ವರ್ಷಗಟ್ಲೆ ಕಲೀಬೇಕಂತೆ, ಬದುಕಬೇಕಂತೆ. ಆಮೇಲೆ, ತಾಯಿ ಇದಾರಾ ಅಂತ ಕೇಳಿದ್ರು. ಇದಾಳೆ ಅಂದೆ. ಹಾಗಾದ್ರೆ ಮೊದಲು ಮನೆಗೆ ಹೋಗಿ ಅವರನ್ನ ಚೆನ್ನಾಗಿ ನೋಡ್ಕೊಳ್ಳಿ, ನಮ್ಮ ಧರ್ಮದಲ್ಲಿ ಅದು ದೊಡ್ಡದು ಅಂದ್ರು."

"ದೊಡ್ಡ ಮನುಷ್ಯ," ಎಂದಳು ಬಸೀಲಿಯಾ.

"ಅವರು ಉಳ್ಳವರು ಅಮ್ಮ. ನಮ್ಮಂಥವರನ್ನ ಒಳಗೆ ಬಿಟ್ಕೊಳ್ಳಲ್ಲ."

ಒಳಗೆ ಬಿಟ್ಟುಕೊಳ್ಳುವವನೊಬ್ಬ ಊರಿನಲ್ಲೇ ಸಿಕ್ಕಿದ. ರೊಹೇಲಿಯೊ ಎಂಬ ಅವನು ಮನೆಮನೆಗೆ ನೀರಿನ ಫಿಲ್ಟರ್ ಮಾರುವವನು. ಅವನ ಎಂಜಲಿನಲ್ಲಿ ಎಂಟು ಪಾಲು ಬಂದಿತ್ತಂತೆ. ಶನಿವಾರ ಬೆಳಿಗ್ಗೆ ತನ್ನ ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಪ್ರಾರ್ಥನೆ ನಡೆಸುತ್ತಿದ್ದ. ಯಾವ ರಬ್ಬಿಯೂ ಅವನಿಗೆ ಆ ಅಧಿಕಾರ ಕೊಟ್ಟಿರಲಿಲ್ಲ, ಅವನೇ ತೆಗೆದುಕೊಂಡಿದ್ದ. ಗುಮಾರೊ ಅಲ್ಲಿಗೆ ಹೋಗಿಬಂದ ಮೇಲೆ ಮನೆಯ ಗೋಡೆಗಳ ಮೇಲೆ ಕಣ್ಣು ಹಾಯಿಸಿದ.

"ಅಮ್ಮ, ಈ ಪಟ ತೆಗೀಬೇಕು."

ನೆರೇದಾ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಬಂದಳು. "ಯಾವ ಪಟ?"

"ನಿನ್ನ ಕೇಳ್ಲಿಲ್ಲ. ಅಮ್ಮ, ನಮ್ಮವರನ್ನ ಸುಟ್ಟವರು ನಮ್ಮ ಕೈಗೆ ಕೊಟ್ಟ ಪಟ ಇದು. ನೀನು ನನಗಿಂತ ಜಾಸ್ತಿ, ಹತ್ತು ಪಾಲು. ಇದರ ಮುಂದೆ ನೀನು ಮೊಣಕಾಲೂರೋದು ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ."

"ಅಪ್ಪ, ಅದು ಅಜ್ಜಿ ಮದುವೇಲಿ ಬಂದ ಪಟ," ಎಂದಳು ಅನಾಯಿ. "ನಿಮಗೆ ಬೇಡ ಅಂದ್ರೆ ನೀವು ನೋಡ್ಬೇಡಿ."

"ನೋಡದೆ ಇರೋಕೆ ನಾನೇನು ಗೋಡೆ ಕಡೆ ತಿರುಗಿ ಮಲಗ್ಲಾ?"

ಬಸೀಲಿಯಾ ಕುರ್ಚಿಯಿಂದ ಎದ್ದು, ತಾನೇ ಪಟ ಇಳಿಸಿ, ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಲ್ಲಿ ಗಾಜು ಒರೆಸಿ ಮಗನ ಕೈಗೆ ಕೊಟ್ಟಳು. ಅವನು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕಿದ.

ಪಾತ್ರೆ ತೊಳೆಯುವಾಗ ನೆರೇದಾ ಕೇಳಿದಳು: "ಅತ್ತೆ, ಯಾಕೆ ಕೊಟ್ರಿ? ಬೇಡ ಅನ್ನಬಹುದಿತ್ತಲ್ಲ."

"ಅವನನ್ನ ಎಬ್ಬಿಸು ಅಂತ ಕೇಳಿದ್ದು ನಾನೇ ತಾನೆ ಮಗಳೇ. ಎಬ್ಬಿಸಿದಾಳೆ. ಹೀಗೆ ಎಬ್ಬಿಸ್ತಾಳೆ ಅಂತ ನನಗೇನು ಗೊತ್ತಿತ್ತು. ಈಗ ಬೆಲೆ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?"

"ಇದೊಂದು ಬೆಲೆನಾ?"

"ತಾರಸಿಗಿಂತ ವಾಸಿ," ಎಂದಳು ಅತ್ತೆ.

ಆಮೇಲೆ ಬಸೀಲಿಯಾಗೆ ಕಾಳು ಆರಿಸುವ ಹುಚ್ಚು ಹಿಡಿಯಿತು. ಬೆಳಿಗ್ಗೆ ತಿಂಡಿಯಾದ ಮೇಲೆ ಮೊರದಲ್ಲಿ ಬೀನ್ಸ್ ಕಾಳು ಹರಡಿಕೊಂಡು ಕೂರುವಳು, ಒಂದೊಂದನ್ನೇ ಬೆರಳಲ್ಲಿ ಹಿಡಿದು ತುಟಿ ಅಲ್ಲಾಡಿಸಿ ಬಟ್ಟಲಿಗೆ ಹಾಕುವಳು. ಹತ್ತು ಚಿಕ್ಕ ಕಾಳಿಗೆ ಒಂದು ದಪ್ಪ ಕಾಳು. ಆರಿಸಿದ್ದನ್ನೇ ಮತ್ತೆ ಸಂಜೆ ಆರಿಸುವಳು. ನೆರೇದಾಗೆ ಎರಡನೇ ದಿನವೇ ಗೊತ್ತಾಯಿತು, ಇದು ಜಪಮಾಲೆ ಎಂದು. ಅವಳೂ ಹೋಗಿ ಪಕ್ಕದಲ್ಲಿ ಕೂತು ಸುಮ್ಮನೆ ಆರಿಸತೊಡಗಿದಳು.

"ಇಷ್ಟೊಂದು ಕಲ್ಲು ಬರೋ ಕಾಳು ಯಾಕೆ ತರ್ತೀರಿ, ಅಂಗಡಿ ಬದಲಾಯಿಸಿ," ಎಂದು ಗುಮಾರೊ ದಾಟಿಹೋಗುತ್ತ ಹೇಳಿದ. ಅತ್ತೆ ಸೊಸೆ ತಲೆ ಎತ್ತಲಿಲ್ಲ. ಸೊಸೆಗೆ ನಗು ಬಂತು, ಅತ್ತೆಗೆ ಭಯವಾಗಿತ್ತು. ಸ್ವಂತ ಮನೆಯಲ್ಲಿ, ತಾನು ಹೆತ್ತ ಮಗನಿಗೆ ಹೆದರಿ ಒಬ್ಬ ಮುದುಕಿ ದೇವರ ಹೆಸರನ್ನು ಕಾಳಿನೊಳಗೆ ಬಚ್ಚಿಡುವುದು ನೋಡಿ ಅವಳ ನಗು ಅಲ್ಲೇ ನಿಂತುಹೋಯಿತು.

ಮಾರ್ಚ್ ಹೊತ್ತಿಗೆ ಕಾಲಿನ ಊತ ತೊಡೆಗೆ ಏರಿತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ನೆರೇದಾಳನ್ನು ಹೊರಗೆ ಕರೆದು, ಹೃದಯ ಸೋತಿದೆ, ಮನೆಯಲ್ಲೇ ಇರಲಿ, ಕೇಳಿದ್ದು ಕೊಡಿ ಎಂದರು. ಬಸೀಲಿಯಾಗೆ ಯಾರೂ ಹೇಳಬೇಕಾಗಲಿಲ್ಲ.

"ನೆರೇ, ನನಗೆ ಎಣ್ಣೆ ಹಚ್ಚಿಸ್ಬೇಕು," ಎಂದಳು, ಸೊಸೆ ಬೆನ್ನು ಒರೆಸುತ್ತಿದ್ದಾಗ. "ಫಾದರ್ ಬಂದು ಸಾಯೋರಿಗೆ ಕೊಡೋ ಅಭ್ಯಂಗ ಕೊಟ್ಟ್ರೆ ಸಾಕು. ಇನ್ನೇನೂ ಕೇಳಲ್ಲ. ನಮ್ಮಪ್ಪ, ನಮ್ಮಮ್ಮ, ನಿಮ್ಮ ಮಾವ, ಎಲ್ಲರೂ ಅದಿಲ್ಲದೆ ಹೋಗ್ಲಿಲ್ಲ. ಒಬ್ಬಳೇ ಹಾಗೆ ಹೋಗೋಕೆ ನನಗೆ ಭಯ."

"ನಾನು ಕೇಳ್ತೀನಿ ಅತ್ತೆ."

"ನಾನು ಅಂದೆ ಅನ್ನಬೇಡ. ನಿನಗೇ ಅನ್ನಿಸ್ತು ಅನ್ನು."

ನೆರೇದಾ ಊಟಕ್ಕೆ ಬಡಿಸಿ, ಅವನು ಎರಡು ತುತ್ತು ತಿನ್ನುವವರೆಗೆ ಕಾದು ಕೇಳಿದಳು. ಗುಮಾರೊ ಚಮಚ ಇಟ್ಟ.

"ಪಾದ್ರಿ ಈ ಹೊಸಿಲು ದಾಟಬಾರದು."

"ಅವರು ಸಾಯ್ತಾ ಇದಾರೆ ಗುಮಾರೊ."

"ಗೊತ್ತು. ಅದಕ್ಕೇ ಹೇಳ್ತಿರೋದು. ಐನೂರು ವರ್ಷ ನಮ್ಮವರು ಸಾಯೋ ಹೊತ್ತಲ್ಲೂ ಪಾದ್ರಿಗೆ ಹೆದರ್ಕೊಂಡು ಸತ್ತ್ರು. ನನ್ನ ತಾಯಿ ಒಬ್ಬಳಾದ್ರೂ ಹೆದರದೆ ಹೋಗ್ಲಿ."

"ಅವರು ಪಾದ್ರಿಗೆ ಹೆದರ್ತಿಲ್ಲ."

"ಮತ್ಯಾರಿಗೆ?"

ನೆರೇದಾ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅನಾಯಿ ನುಂಗಿಕೊಳ್ಳಲಿಲ್ಲ.

"ನಿಮಗೇ ಅಪ್ಪ. ಅಜ್ಜಿ ನಿಮಗೆ ಹೆದರ್ಕೊಂಡು ಸಾಯ್ತಿದಾರೆ."

"ಹೋಗಿ ಅಜ್ಜಿನೇ ಕೇಳು," ಎಂದ ಗುಮಾರೊ. ತಾನೇ ಎದ್ದು ಒಳಕೋಣೆಗೆ ಹೋದ. ತಾಯಿಯ ಪಕ್ಕ ಕೂತು ಕೈ ಹಿಡಿದುಕೊಂಡು ಮೃದುವಾಗಿಯೇ ಕೇಳಿದ. "ಅಮ್ಮ, ನಿನಗೆ ಪಾದ್ರಿ ಬೇಕಾ?"

ಬಸೀಲಿಯಾ ಮಗನ ಮುಖ ನೋಡಿದಳು. ಬೋಳಿಸಿದ ಗಲ್ಲ, ಒಗೆದ ಅಂಗಿ.

"ನನಗ್ಯಾಕಪ್ಪ? ಬೇಡ. ನೀನು ಊಟ ಮುಗಿಸು ಹೋಗು."

ಅವನು ಗೆದ್ದವನಂತೆ ಈಚೆಗೆ ಬಂದು ಊಟ ಮುಗಿಸಿದ. ಅವನಿಗೆ ಅಷ್ಟು ಸಲೀಸಾಗಿ ಊಟ ಸೇರಿದ್ದನ್ನು ನೆರೇದಾ ಅಂದು ಕ್ಷಮಿಸಲಿಲ್ಲ.

ಶನಿವಾರ ಅವನು ಗ್ಯಾರೇಜಿಗೆ ಹೋದರೆ ಮಧ್ಯಾಹ್ನದವರೆಗೆ ಬರುತ್ತಿರಲಿಲ್ಲ. ನೆರೇದಾ ಶುಕ್ರವಾರ ಇಗರ್ಜಿಗೆ ಹೋಗಿ ಫಾದರ್ ನಿಕಾನೋರರ ಮುಂದೆ ಎಲ್ಲ ಹೇಳಿಕೊಂಡಳು. ಅವರು ವಯಸ್ಸಾದವರು, ಕೋಲೂರಿ ನಡೆಯುವವರು. ನಿಲುವಂಗಿ ಹಾಕದೆ ಸಾದಾ ಜಾಕೆಟಿನಲ್ಲಿ ಬನ್ನಿ, ಮುಂಬಾಗಿಲು ಬೇಡ, ಚೋಲೆಯ ಮನೆ ಹೊಕ್ಕು ಹಿತ್ತಲಿಂದ ಬನ್ನಿ ಎಂದು ಕೇಳುವಾಗ ಅವಳಿಗೆ ನಾಚಿಕೆಯಾಯಿತು.

"ಕದ್ದು ಬರಬೇಕಾ ತಾಯಿ?"

"ಹೌದು ಫಾದರ್."

"ಹೀಗೆ ಹೆದರಿಸಿ ಬಚ್ಚಿಡಿಸೋದನ್ನ ಅವನು ನಮ್ಮಿಂದಲೇ ಕಲ್ತಿರೋದು," ಎಂದು ಅವರು ನಿಟ್ಟುಸಿರು ಬಿಟ್ಟರು. "ಬರ್ತೀನಿ."

ಶನಿವಾರ ಬಸೀಲಿಯಾಗೆ ಅನಾಯಿ ತಲೆ ಬಾಚಿ ಬಿಳಿ ಅಂಗಿ ತೊಡಿಸಿದಳು. ಎರಡು ದಿನದಿಂದ ಚಮಚ ಎತ್ತಲೂ ಆಗದ ಕೈಗಳು ಹೊದಿಕೆಯ ಮೇಲಿದ್ದವು. ಫಾದರ್ ಬಂದು ಕೂತದ್ದೇ ಅವಳ ಕಣ್ಣಿಂದ ನೀರಿಳಿಯಿತು. ಮಾತು ನಿಧಾನವಾಗಿತ್ತು, ಆದರೂ ಪಾಪನಿವೇದನೆ ಮಾಡಿಕೊಂಡಳು. ಆಗ ನೆರೇದಾ, ಅನಾಯಿ ಹೊರಗಿದ್ದರು. ಆಮೇಲೆ ಒಳಗೆ ಕರೆದಾಗ ಅತ್ತೆಯ ಮುಖ ತಿಳಿಯಾಗಿತ್ತು. ಫಾದರ್ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ಅವಳ ಹಣೆಯ ಮೇಲೆ ಶಿಲುಬೆ ಬರೆದರು. ಇನ್ನು ಎರಡು ಅಂಗೈಗೂ ಹಚ್ಚುವುದು ಉಳಿದಿತ್ತು.

ಮುಂಬಾಗಿಲು ತೆರೆಯಿತು. ಫಿಲ್ಟರಿಗೆ ಗಿರಾಕಿ ಫೋನು ಮಾಡಿದನೆಂದು ರೊಹೇಲಿಯೊ ಅಂದು ಪ್ರಾರ್ಥನೆಯನ್ನು ಅರ್ಧಕ್ಕೇ ಮುಗಿಸಿ ಎದ್ದುಹೋಗಿದ್ದ. ಗುಮಾರೊ ಕೋಣೆಯ ಬಾಗಿಲಲ್ಲಿ ನಿಂತ. ಫಾದರ್ ಕೈಯ ಡಬ್ಬಿ ನೋಡಿದ, ಹೆಂಡತಿಯನ್ನು ನೋಡಿದ. ಬೈಯಲೆಂದೇ ಬಾಯಿ ತೆರೆದ.

ಅಷ್ಟರಲ್ಲಿ ಬಸೀಲಿಯಾ ಕೈ ಎತ್ತಿದಳು. ಚಮಚ ಎತ್ತಲಾಗದ ಕೈ ಅದು. ಅಂಗಿಯ ತೋಳಿನಿಂದ ಹಣೆಯನ್ನು ಗಸಗಸ ಒರೆಸಿಕೊಳ್ಳತೊಡಗಿದಳು.

"ಏನೂ ಇಲ್ಲಪ್ಪ. ಬೆವರು. ಅವರು ಏನೂ ಹಚ್ಚಲಿಲ್ಲ."

"ಅಮ್ಮ."

"ನಾನು ಕರೀಲಿಲ್ಲ ಮಗಾ. ನೀನು ಹೇಳಿದ ಹಾಗೇ ಇದೀನಿ. ನೀನು ಮತ್ತೆ ಮಲಗಬೇಡ. ತಾರಸಿಗೆ ಹೋಗಬೇಡ."

ತಾರಸಿಯ ವಿಷಯ ತಾಯಿಗೆ ಗೊತ್ತೆಂದು ಗುಮಾರೊ ಇಷ್ಟು ದಿನ ತಿಳಿದಿರಲಿಲ್ಲ. ಪಟ ತಾನೇ ಇಳಿಸಿಕೊಟ್ಟದ್ದು, ಪಾದ್ರಿ ಬೇಡ ಎಂದದ್ದು, ಎಲ್ಲ ಯಾತಕ್ಕೆಂದು ಒಂದೇ ಏಟಿಗೆ ಅವನಿಗೆ ಅರ್ಥವಾಯಿತು. ಅದು ನೆರೇದಾಗೆ ಅವನ ಮುಖದಲ್ಲಿ ಕಂಡಿತು. ಇಷ್ಟು ವಾರ ಅವನ ಮೇಲೆ ಕುದಿಯುತ್ತಿದ್ದವಳಿಗೆ ಆ ಗಳಿಗೆ ಅಯ್ಯೋ ಅನ್ನಿಸಿತು.

"ಫಾದರ್, ಮುಂದುವರಿಸಿ," ಎಂದ ಅವನು. "ದಯವಿಟ್ಟು ಕೈಗೂ ಹಚ್ಚಿ."

ಫಾದರ್ ಅವಳ ಬಲಗೈ ಹಿಡಿಯಹೋದರು. ಬಸೀಲಿಯಾ ಮುಷ್ಟಿ ಬಿಗಿದು ಹೊದಿಕೆಯೊಳಗೆ ಎಳೆದುಕೊಂಡಳು.

"ಬೇಡ ಫಾದರ್. ನಾವು ನಿಮ್ಮವರಲ್ಲ. ನನ್ನದು ಹತ್ತು ಪಾಲು, ಮಗನ್ನ ಕೇಳಿ."

"ಅಮ್ಮ, ನಾನೇ ಹೇಳ್ತಿದೀನಿ. ತಗೋ ಅಮ್ಮ." ಅವನು ನೆಲಕ್ಕೆ ಮೊಣಕಾಲೂರಿದ. "ನಿನ್ನ ಪಟನೂ ತರ್ತೀನಿ. ನಾನು ಮಲಗಲ್ಲ, ಆಣೆ ಮಾಡ್ತೀನಿ."

ಅವಳು ತಲೆಯಾಡಿಸಿದಳು, ಪರೀಕ್ಷೆಯಲ್ಲಿ ಸರಿಯಾದ ಉತ್ತರ ಕೊಟ್ಟ ಮಗುವಿನಂತೆ ಸ್ವಲ್ಪ ನಕ್ಕಳು. "ಬೇಡಪ್ಪ. ನನಗೆ ಗೊತ್ತು. ಬೇಡ."

ಫಾದರ್ ಬಹಳ ಹೊತ್ತು ಕಾದರು. ಮುಷ್ಟಿ ಬಿಚ್ಚಲಿಲ್ಲ. ಬಲವಂತವಾಗಿ ಯಾರ ಕೈಗೂ ಎಣ್ಣೆ ಹಚ್ಚುವುದಿಲ್ಲ ಎಂದು ಹೇಳಿ ಅವರು ಡಬ್ಬಿ ಮುಚ್ಚಿದರು. ಗುಮಾರೊ ಅವರ ಹಿಂದೆಯೇ ಅಂಗಳಕ್ಕೆ ಬಂದ.

"ಹಣೆಗೆ ಹಚ್ಚಿದ್ದು ಒರೆಸಿಕೊಂಡ್ರೆ ಹೋಗಿಬಿಡುತ್ತಾ ಫಾದರ್?"

"ಇಲ್ಲ. ಹಚ್ಚಿದ್ದು ಹಚ್ಚಿದ್ದೇ."

"ಅದನ್ನ ಅವಳಿಗೆ ಹೇಳಿ."

"ನಾನು ಹೇಳಿದ್ರೆ ನಿನಗೆ ಹೆದರಿ ಇಲ್ಲ ಅಂತಾರೆ. ನೀನೇ ಹೇಳು. ಆದ್ರೆ ನೀನು ಹೇಳಿದ್ರೂ ನಂಬ್ತಾರೋ ಇಲ್ವೋ ನನಗೆ ಗೊತ್ತಿಲ್ಲಪ್ಪ."

ಅವನು ಒಳಗೆ ಬಂದು ತಾಯಿಯ ಕಿವಿಯ ಬಳಿ ಬಾಗಿ ಕೂತ. ಅಮ್ಮ, ಹಚ್ಚಿದ್ದು ಹಚ್ಚಿದ್ದೇ. ನಿನಗೆ ಸಿಕ್ಕಾಗಿದೆ. ಹೋಗಲ್ಲ. ಅವಳು ಕಣ್ಣು ಮುಚ್ಚಿಕೊಂಡು ಹೂಂ ಹೂಂ ಎನ್ನುತ್ತಿದ್ದಳು, ಕೈ ಮಾತ್ರ ಹಣೆ ಒರೆಸುವುದನ್ನು ಬಿಡಲಿಲ್ಲ. ಅವನು ಮೆಲ್ಲಗೆ ಆ ಕೈ ಹಿಡಿದು ಕೆಳಗಿಟ್ಟರೆ ಅದು ಮತ್ತೆ ಮೇಲೆ ಹೋಗುತ್ತಿತ್ತು. ಹಣೆಯ ತೊಗಲು ಕೆಂಪಾಯಿತು. ಅನಾಯಿ ಅಟ್ಟದಿಂದ ಪಟ ಇಳಿಸಿ ತಂದು ಎದುರಿಗೆ ಹಿಡಿದಳು. ಅಜ್ಜಿ ಕಣ್ಣು ತೆರೆದು ನೋಡಿ, ಮಗ ಇದ್ದಾನೆಂದು ಮುಖ ತಿರುಗಿಸಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಆ ಕೈ ಹಣೆಯ ಮೇಲೆಯೇ ನಿಂತಿತು. ನೆರೇದಾ ಅತ್ತೆಯ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದಳು. ಗುಮಾರೊ ಇನ್ನೂ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದ. ಸಾಕು, ಇನ್ನು ಅವರಿಗೆ ಕೇಳಿಸುವುದಿಲ್ಲ ಎಂದು ಅವಳು ಹೇಳಬೇಕಿತ್ತು. ಹೇಳಲಾಗದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಳು.